ಮಕ್ಕಳ ತಲೆಗೆ ತೋಟದ ವಿಷ ಬೇಡ

ಮಲೆನಾಡಿನ ಶಾಲೆಗಳು ಬಾಗಿಲು ತೆರೆಯುವುದಕ್ಕೂ ಮಳೆ ಹಿಡಿಯುವುದಕ್ಕೂ ನಡುವೆ ಹೆಚ್ಚು ದಿನಗಳ ಅಂತರವಿರುವುದಿಲ್ಲ. ಅಲ್ಲಿಂದ ಮುಂದೆ ಮೂರು ನಾಲ್ಕು ತಿಂಗಳು ಮಕ್ಕಳು ಒದ್ದೆ ಕೊಡೆ, ಒದ್ದೆ ಪಾಟಿಚೀಲಗಳ ನಡುವೆ ಒಂದೇ ಬೆಂಚಿನಲ್ಲಿ ಒತ್ತಾಗಿ ಕುಳಿತು ಕಲಿಯುತ್ತಾರೆ. ಉದ್ದ ಜಡೆಯ ಹೆಣ್ಣುಮಕ್ಕಳ ಕೂದಲು ಬೆಳಿಗ್ಗೆ ತೊಳೆದರೆ ಸಂಜೆಯಾದರೂ ಒಣಗುವುದಿಲ್ಲ. ಹೀಗಾಗಿ ವಾರಗಟ್ಟಲೆ ಜಡೆ ಬಿಚ್ಚಿ ನೋಡುವವರಿಲ್ಲ. ಆಗಸ್ಟ್ ಬರುವ ಹೊತ್ತಿಗೆ ಮನೆಮನೆಯಲ್ಲೂ ತಲೆಕೆರೆತದ ದೂರು ಕೇಳಿಸತೊಡಗುತ್ತದೆ.

ಹೇನು ಹೊಸ ಸಂಗತಿಯೇನಲ್ಲ. ಇಸ್ರೇಲಿನ ಲಾಖೀಶ್ ಎಂಬಲ್ಲಿ 2016ರಲ್ಲಿ ದೊರೆತ ದಂತದ ಬಾಚಣಿಗೆಯೊಂದರ ಮೇಲೆ ಕೊರೆದಿದ್ದ ಸಣ್ಣ ಬರಹವನ್ನು ವಿದ್ವಾಂಸರು 2022ರಲ್ಲಿ ಓದಿ ಪ್ರಕಟಿಸಿದರು. ಸುಮಾರು 3,700 ವರ್ಷಗಳಷ್ಟು ಹಳೆಯದೆಂದು ಅಂದಾಜಿಸಲಾದ ಆ ಬರಹ, ಕೂದಲು ಗಡ್ಡಗಳ ಹೇನನ್ನು ಈ ಬಾಚಣಿಗೆ ಕಿತ್ತುಹಾಕಲೆಂಬ ಹಾರೈಕೆ. ಅಕ್ಷರಮಾಲೆಯಲ್ಲಿ ಬರೆದ, ಈವರೆಗೆ ಸಿಕ್ಕಿರುವ ಅತಿ ಹಳೆಯ ಪೂರ್ಣ ವಾಕ್ಯಗಳಲ್ಲಿ ಅದೂ ಒಂದೆನ್ನಲಾಗಿದೆ. ಮನುಷ್ಯ ಬರೆಯಲು ಕಲಿತ ಕಾಲದಿಂದಲೂ ಹೇನು ಅವನೊಡನೆ ಇದೆ; ಅದಕ್ಕೆ ತಕ್ಕ ಸಾಧನವೂ ಅಷ್ಟೇ ಹಿಂದಿನಿಂದ ಅವನ ಕೈಯಲ್ಲಿದೆ.

ಬದಲಾಗಿರುವುದು ಈ ಸಾಧನವನ್ನು ಕೆಳಗಿಟ್ಟು ಕೈಗೆತ್ತಿಕೊಂಡ ವಸ್ತುಗಳು. ಪೇಟೆಯ ಅಂಗಡಿಯಿಂದ ಬರುವ ಹೇನಿನ ಶ್ಯಾಂಪೂ ಒಂದು. ಅದು ಫಲಿಸದಿದ್ದಾಗ ಕೊಟ್ಟಿಗೆಯ ಅಟ್ಟದಿಂದ ಕೆಳಗಿಳಿಯುವ, ಏಲಕ್ಕಿಗೋ ಶುಂಠಿಗೋ ಸಿಂಪಡಿಸಿ ಉಳಿದ ಕೀಟನಾಶಕದ ಬಾಟಲಿ ಇನ್ನೊಂದು. ಈ ಎರಡನೆಯದರ ಬಗ್ಗೆ ಯಾರೂ ಬಹಿರಂಗವಾಗಿ ಮಾತನಾಡುವುದಿಲ್ಲ. ಆದರೆ ಹಳ್ಳಿಗಳಲ್ಲಿ ಅದು ನಡೆಯುತ್ತಿದೆ. ರಾಸಾಯನಿಕ ಕೃಷಿಯನ್ನು ಪ್ರಶ್ನಿಸುವ ಚಳವಳಿಗಳು ತೋಟದಲ್ಲಿನ ವಿಷದ ಕುರಿತು ಬಹಳಷ್ಟು ಹೇಳಿವೆ. ಅದೇ ವಿಷ ಮಗುವಿನ ನೆತ್ತಿಗೆ ಏರಿರುವ ಬಗ್ಗೆಯೂ ಮಾತನಾಡಬೇಕಾದ ಕಾಲ ಬಂದಿದೆ.

ಹೇನಿನ ಜೀವನಕ್ರಮ

ಯಾವ ಕೀಟವನ್ನು ಹತೋಟಿಗೆ ತರಬೇಕಾದರೂ ಮೊದಲು ಅದರ ಜೀವನಚಕ್ರವನ್ನು ಅರಿಯಬೇಕು. ಬೆಳೆಯ ಕೀಟಕ್ಕೆ ಅನ್ವಯಿಸುವ ಈ ನಿಯಮ ತಲೆಯ ಹೇನಿಗೂ ಅನ್ವಯಿಸುತ್ತದೆ. ಬಲಿತ ಹೇನಿನ ಉದ್ದ ಎರಡರಿಂದ ಮೂರು ಮಿಲಿಮೀಟರ್. ಅದಕ್ಕೆ ರೆಕ್ಕೆಯಿಲ್ಲ, ಹಾರಲಾರದು. ಚಿಗಟದಂತೆ ನೆಗೆಯಲೂ ಆರದು. ಆರು ಕಾಲುಗಳ ತುದಿಯ ಕೊಂಡಿಗಳಿಂದ ಕೂದಲನ್ನು ಹಿಡಿದು ತೆವಳುವುದೊಂದೇ ಅದಕ್ಕೆ ತಿಳಿದ ಚಲನೆ. ತಲೆಗೆ ತಲೆ ತಾಗಿದಾಗ ಒಂದು ಕೂದಲಿನಿಂದ ಇನ್ನೊಂದಕ್ಕೆ ದಾಟುತ್ತದೆ. ಮಕ್ಕಳು ತಲೆ ಸೇರಿಸಿ ಪುಸ್ತಕ ನೋಡುವಾಗ, ಒಂದೇ ಚಾಪೆಯಲ್ಲಿ ಮಲಗುವಾಗ ಆಗುವುದು ಇದೇ.

ಹೆಣ್ಣು ಹೇನು ದಿನಕ್ಕೆ ಆರರಿಂದ ಹತ್ತು ಮೊಟ್ಟೆಗಳನ್ನು ನೆತ್ತಿಗೆ ಸಮೀಪದಲ್ಲಿ, ಕೂದಲಿನ ಬುಡಕ್ಕೆ ಅಂಟಿನಂಥ ದ್ರವದಿಂದ ಬಿಗಿದಿಡುತ್ತದೆ. ಇದೇ ಸೀರು. ನೆತ್ತಿಯ ಬಿಸುಪಿನಲ್ಲಿ ಏಳರಿಂದ ಹತ್ತು ದಿನಗಳಲ್ಲಿ ಅದು ಒಡೆದು ಮರಿ ಹೊರಬರುತ್ತದೆ. ಮರಿ ಮೂರು ಬಾರಿ ಪೊರೆ ಕಳಚಿ, ಒಂಬತ್ತರಿಂದ ಹನ್ನೆರಡು ದಿನಗಳಲ್ಲಿ ಬಲಿತು ತಾನೂ ಮೊಟ್ಟೆಯಿಡಲು ಸಿದ್ಧವಾಗುತ್ತದೆ. ಬಲಿತ ಹೇನು ತಲೆಯ ಮೇಲೆ ಸುಮಾರು ಒಂದು ತಿಂಗಳು ಬದುಕುತ್ತದೆ. ದಿನಕ್ಕೆ ಹಲವು ಬಾರಿ ರಕ್ತ ಹೀರದೆ ಅದಕ್ಕೆ ಉಳಿವಿಲ್ಲವಾದ್ದರಿಂದ, ತಲೆಯಿಂದ ಕೆಳಗೆ ಬಿದ್ದ ಹೇನು ಒಂದೆರಡು ದಿನಗಳಲ್ಲೇ ಸಾಯುತ್ತದೆ.

ಇಷ್ಟು ತಿಳಿದರೆ ಅನೇಕ ತಪ್ಪು ತಿಳಿವಳಿಕೆಗಳು ತಾವಾಗಿ ಕಳಚುತ್ತವೆ. ಹಾಸಿಗೆ, ಕಂಬಳಿ, ಗೋಡೆಗಳಿಗೆ ಕೀಟನಾಶಕ ಸಿಂಪಡಿಸುವುದು ವ್ಯರ್ಥ. ದಿಂಬಿನ ಚೀಲವನ್ನು ಬದಲಿಸಿ ಎರಡು ದಿನ ಬಳಸದೆ ಇಟ್ಟರೆ ಸಾಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆದ್ದರಿಂದ ನೆತ್ತಿಯಿಂದ ಒಂದು ಸೆಂಟಿಮೀಟರಿಗಿಂತ ದೂರದಲ್ಲಿ ಕಾಣುವ ಬಿಳಿ ಸೀರು ಬಹುಮಟ್ಟಿಗೆ ಮರಿ ಹೊರಟುಹೋದ ಬರಿಯ ಸಿಪ್ಪೆ. ಅದನ್ನು ಕಂಡು ಮತ್ತೆ ಮದ್ದು ಹಚ್ಚಬೇಕಾಗಿಲ್ಲ. ತೊಳೆದ ತಲೆಯಲ್ಲೂ ತೊಳೆಯದ ತಲೆಯಲ್ಲೂ ಹೇನು ಸಮಾನವಾಗಿ ಬದುಕುತ್ತದೆ. ಅದು ಕೊಳಕಿನ ಗುರುತೂ ಅಲ್ಲ, ಬಡತನದ ಗುರುತೂ ಅಲ್ಲ.

ಇನ್ನೊಂದು ಮಾತನ್ನು ಮಲೆನಾಡಿನವರಿಗೆ ವಿಶೇಷವಾಗಿ ಹೇಳಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಗುರುತಿಸಲ್ಪಟ್ಟಾಗಿನಿಂದ ರಕ್ತ ಹೀರುವ ಕ್ಷುದ್ರಜೀವಿಗಳ ಬಗ್ಗೆ ಇಲ್ಲಿನ ಜನರಲ್ಲಿ ಸಕಾರಣವಾದ ಭಯವಿದೆ. ಕಾಡಿನ ಉಣುಗು ಆ ರೋಗವನ್ನು ಹರಡುತ್ತದೆ. ಬಟ್ಟೆಯ ಹೊಲಿಗೆಗಳಲ್ಲಿ ಅಡಗುವ ಮೈಹೇನು ಟೈಫಸ್ ಜ್ವರವನ್ನು ಹರಡಬಲ್ಲದು. ತಲೆಯ ಹೇನು ಇಂಥ ಯಾವ ರೋಗದ ವಾಹಕವೆಂದೂ ಪರಿಗಣಿತವಾಗಿಲ್ಲ. ಅದರಿಂದ ಆಗುವ ತೊಂದರೆಗಳೆಂದರೆ ತುರಿಕೆ, ನಿದ್ರಾಭಂಗ ಮತ್ತು ಕೆರೆದು ಗಾಯವಾದಾಗ ತಗಲುವ ಕೀವು. ಇವು ಕಡೆಗಣಿಸುವಂಥವಲ್ಲ. ಆದರೆ ಮಗುವಿನ ಜೀವವನ್ನೇ ಪಣಕ್ಕಿಡುವ ಔಷಧವನ್ನು ಬೇಡುವಂಥವೂ ಅಲ್ಲ.

ವಿಷಕ್ಕೆ ಒಗ್ಗಿದ ಕೀಟ

ಹೇನಿನ ವಿರುದ್ಧ ರಾಸಾಯನಿಕಗಳನ್ನು ಬಳಸಿದ ಚರಿತ್ರೆ ಕೃಷಿಯ ಕೀಟನಾಶಕಗಳ ಚರಿತ್ರೆಗೆ ಹೆಜ್ಜೆಹೆಜ್ಜೆಗೂ ಹೊಂದಿಕೊಂಡಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943-44ರ ಚಳಿಗಾಲದಲ್ಲಿ, ಇಟಲಿಯ ನೇಪಲ್ಸ್ ನಗರದಲ್ಲಿ ಹಬ್ಬಿದ್ದ ಟೈಫಸ್ ಜ್ವರವನ್ನು ತಡೆಯಲು ಲಕ್ಷಾಂತರ ಜನರ ಮೈಮೇಲೆ ಕೀಟನಾಶಕದ ಪುಡಿ ಉದುರಿಸಲಾಯಿತು. ಡಿಡಿಟಿಯ ಕೀರ್ತಿ ಜಗತ್ತಿಗೆ ಹರಡಿದ್ದು ಈ ಯಶಸ್ಸಿನಿಂದ. ಹತ್ತು ವರ್ಷವೂ ತುಂಬುವ ಮೊದಲೇ, ಕೊರಿಯಾ ಯುದ್ಧದ ಸಮಯದಲ್ಲಿ, ಅದೇ ಪುಡಿಗೆ ಸೈನಿಕರ ಮೈಹೇನುಗಳು ಸಾಯದಿರುವುದು ಕಂಡುಬಂದಿತು.

ಡಿಡಿಟಿಯ ಬಳಿಕ ಬಿಎಚ್‌ಸಿ, ಅದರ ಶುದ್ಧೀಕೃತ ರೂಪವಾದ ಲಿಂಡೇನ್, ಆಮೇಲೆ ಮೆಲಾಥಿಯಾನ್, ಅದರ ನಂತರ ಪರ್ಮೆಥ್ರಿನ್ ಬಂದವು. ಇವೆಲ್ಲವೂ ರೈತರಿಗೆ ಪರಿಚಿತವಾದ ಹೆಸರುಗಳು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಬಿಳಿ ಕಾಂಡಕೊರಕದ ವಿರುದ್ಧ ಅರೇಬಿಕಾ ಕಾಫಿ ಗಿಡಗಳ ಕಾಂಡಕ್ಕೆ ದಶಕಗಳ ಕಾಲ ಬಳಿದದ್ದು ಲಿಂಡೇನನ್ನೇ. ಹೇನು, ಕಜ್ಜಿಗಳ ಮುಲಾಮುಗಳಲ್ಲಿ ಇದ್ದದ್ದೂ ಅದೇ ಲಿಂಡೇನ್. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2002ರಲ್ಲಿ ಹೇನಿನ ಔಷಧಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ತಲೆ ತೊಳೆದ ನೀರಿನ ಮೂಲಕ ಅದು ಜಲಮೂಲಗಳನ್ನು ಸೇರುತ್ತಿತ್ತೆಂಬುದು ಅದಕ್ಕೆ ಮುಖ್ಯ ಕಾರಣವಾಗಿತ್ತು. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದಡಿ ಲಿಂಡೇನನ್ನು ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳ ಪಟ್ಟಿಗೆ ಸೇರಿಸಲಾಯಿತು. ಭಾರತ ಅದರ ತಯಾರಿಕೆಯನ್ನು 2011ರ ಮಾರ್ಚ್‌ನಿಂದಲೂ ಕೃಷಿಬಳಕೆಯನ್ನು 2013ರ ಮಾರ್ಚ್‌ನಿಂದಲೂ ನಿಷೇಧಿಸಿತು.

ಪರ್ಮೆಥ್ರಿನ್‌ನ ಕತೆಯೂ ಬೇರೆಯಲ್ಲ. ಅದು ಪೈರೆಥ್ರಾಯ್ಡ್ ಗುಂಪಿಗೆ ಸೇರಿದ ವಸ್ತು. ಹೊಲಗಳಿಗೆ ಸಿಂಪಡಿಸುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ಗಳ ಒಡಹುಟ್ಟು. ಕೀಟದ ನರತಂತುಗಳ ಹೊರಪೊರೆಯಲ್ಲಿ ಸೋಡಿಯಂ ಅಯಾನುಗಳು ಹಾದುಹೋಗಲು ಅತಿಸೂಕ್ಷ್ಮ ದ್ವಾರಗಳಿವೆ. ಡಿಡಿಟಿಯಾಗಲಿ ಪೈರೆಥ್ರಾಯ್ಡ್‌ಗಳಾಗಲಿ ಆ ದ್ವಾರಗಳು ಮುಚ್ಚದಂತೆ ತಡೆದು ಕೀಟವನ್ನು ಕೊಲ್ಲುತ್ತವೆ. ದ್ವಾರದ ರಚನೆಯಲ್ಲಿ ಸಣ್ಣ ವ್ಯತ್ಯಾಸ ಹೊತ್ತು ಹುಟ್ಟಿದ ಕೀಟಕ್ಕೆ ಈ ವಿಷ ತಟ್ಟುವುದಿಲ್ಲ. ಉಳಿದವು ಸಾಯುತ್ತವೆ, ಇಂಥವು ಬದುಕಿ ಸಂತಾನ ಬೆಳೆಸುತ್ತವೆ. ಹೆಚ್ಚು ಬಾರಿ ವಿಷ ಹಚ್ಚಿದಷ್ಟೂ ಈ ಆಯ್ಕೆ ಚುರುಕಾಗುತ್ತದೆ.

ಹತ್ತಿಯ ಹೊಲದಲ್ಲಿ ಆದದ್ದು ಇದೇ. ಎಂಬತ್ತರ ದಶಕದ ಆರಂಭದಲ್ಲಿ ಭಾರತಕ್ಕೆ ಬಂದ ಪೈರೆಥ್ರಾಯ್ಡ್‌ಗಳು 1987ರ ಹೊತ್ತಿಗೆ ಆಂಧ್ರಪ್ರದೇಶದ ಗುಂಟೂರು, ಪ್ರಕಾಶಂ ಜಿಲ್ಲೆಗಳ ಹತ್ತಿಯಲ್ಲಿ ಕಾಯಿಕೊರಕ ಹುಳುವನ್ನು ಕೊಲ್ಲಲು ವಿಫಲವಾದವು. ಪದೇಪದೇ ಸಿಂಪಡಿಸಿ ಸಾಲದಲ್ಲಿ ಮುಳುಗಿದ ರೈತರ ಪಾಡು ದೇಶವನ್ನು ಬೆಚ್ಚಿಬೀಳಿಸಿತು. ತಲೆಯ ಹೇನುಗಳ ವಿಷಯದಲ್ಲಿ ತೊಂಬತ್ತರ ದಶಕದಲ್ಲಿ ಫ್ರಾನ್ಸ್, ಇಸ್ರೇಲ್, ಬ್ರಿಟನ್‌ಗಳಿಂದ ಇಂಥದೇ ವರದಿಗಳು ಬರತೊಡಗಿದವು. ಅಮೆರಿಕದ 48 ರಾಜ್ಯಗಳಿಂದ ಸಂಗ್ರಹಿಸಿದ ಹೇನುಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಈ ಪ್ರತಿರೋಧದ ಜೀನುಗಳ ಪ್ರಮಾಣ ಸರಾಸರಿ ಶೇ. 98ರಷ್ಟಿತ್ತು. ‘ಮೊದಲು ಈ ಶ್ಯಾಂಪೂವಿಗೆ ಹೇನು ಸಾಯುತ್ತಿತ್ತು, ಈಗ ಸಾಯುತ್ತಿಲ್ಲ’ ಎಂದು ತಾಯಂದಿರು ಹೇಳಿದರೆ ಅದನ್ನು ಬರಿಯ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ.

ತೋಟದಿಂದ ನೆತ್ತಿಗೆ

ಶ್ಯಾಂಪೂ ಸೋತಲ್ಲಿಂದ ಅಪಾಯ ಆರಂಭವಾಗುತ್ತದೆ. ಇನ್ನಷ್ಟು ತೀಕ್ಷ್ಣವಾದದ್ದು ಬೇಕೆಂಬ ಹಂಬಲ ಹುಟ್ಟುತ್ತದೆ. ದುಡ್ಡು ಕೊಡದೆ ಸಿಗುವ ತೀಕ್ಷ್ಣ ವಸ್ತು ಅಟ್ಟದ ಮೇಲೆಯೇ ಇದೆ. ಏಲಕ್ಕಿಯ ಥ್ರಿಪ್ಸ್‌ಗೆ ಹೊಡೆದದ್ದು, ಗೆದ್ದಲಿಗೆ ಸುರಿದದ್ದು, ದನದ ಮೈಯ ಉಣುಗಿಗೆ ಹಚ್ಚಿದ್ದು ಹೀಗೆ ಯಾವುದೋ ಒಂದು. ‘ನಾಲ್ಕು ಹನಿ ಎಣ್ಣೆಗೆ ಬೆರೆಸಿದರೆ ಏನಾಗುತ್ತದೆ’ ಎಂಬ ಪ್ರಶ್ನೆಗೆ ವಿಜ್ಞಾನದ ಉತ್ತರ ಸ್ಪಷ್ಟವಿದೆ. ಮಗು ಸಾಯಬಹುದು.

ನೆತ್ತಿಯ ಚರ್ಮ ಕೈಕಾಲಿನ ಚರ್ಮದಂಥದಲ್ಲ. ಪ್ಯಾರಾಥಿಯಾನ್ ಎಂಬ ಆರ್ಗ್ಯಾನೋಫಾಸ್ಫೇಟ್ ಕೀಟನಾಶಕವನ್ನು ಬಳಸಿ 1971ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮುಂಗೈಗೆ ಹಚ್ಚಿದ್ದರಲ್ಲಿ ಸುಮಾರು ಶೇ. 9ರಷ್ಟು ದೇಹದೊಳಕ್ಕೆ ಇಳಿದರೆ, ನೆತ್ತಿಗೆ ಹಚ್ಚಿದ್ದರಲ್ಲಿ ಸುಮಾರು ಶೇ. 32ರಷ್ಟು ಇಳಿಯುತ್ತದೆಂದು ತೋರಿಸಿತು. ಎಣ್ಣೆ ಸೇರಿದರೆ, ಕೆರೆದು ಗಾಯವಾಗಿದ್ದರೆ, ಹಚ್ಚಿ ಬಟ್ಟೆ ಸುತ್ತಿ ರಾತ್ರಿಯಿಡೀ ಬಿಟ್ಟರೆ ಈ ಹೀರಿಕೆ ಮತ್ತೂ ಹೆಚ್ಚುತ್ತದೆ. ಇಪ್ಪತ್ತು ಕಿಲೋ ತೂಕದ ಮಗುವಿನ ದೇಹದಲ್ಲಿ ಅಷ್ಟೇ ವಿಷ ಅರುವತ್ತು ಕಿಲೋ ತೂಕದ ದೊಡ್ಡವರಲ್ಲಿಗಿಂತ ಮೂರು ಪಟ್ಟು ಸಾಂದ್ರವಾಗುತ್ತದೆ. ಹೇನಿಗೆಂದು ತಲೆಗೆ ಕೀಟನಾಶಕ ಹಚ್ಚಿದ್ದರಿಂದ ಮಕ್ಕಳು ವಿಷಬಾಧೆಗೆ ತುತ್ತಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಬಾಯಿಯಲ್ಲಿ ಜೊಲ್ಲು ಸುರಿಯುವುದು, ಕಣ್ಣಿನ ಪಾಪೆ ಕಿರಿದಾಗುವುದು, ವಾಂತಿ, ಬೆವರು, ಉಸಿರಾಟದ ತೊಂದರೆ ಇವು ಆರ್ಗ್ಯಾನೋಫಾಸ್ಫೇಟ್ ವಿಷದ ಲಕ್ಷಣಗಳು. ಇವು ಕಂಡರೆ ತಲೆಯನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು, ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ತೊಳೆಯುವವರು ವಿಷ ತಮ್ಮ ಕೈಗೆ ತಾಗದಂತೆ ಎಚ್ಚರ ವಹಿಸಬೇಕು.

ಕೀಟನಾಶಕದ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ ಧೈರ್ಯ ತಾಳುವವರೂ ಇದ್ದಾರೆ. ಕೆಂಪು, ಹಳದಿ, ನೀಲಿ, ಹಸಿರು ಎಂಬ ಆ ನಾಲ್ಕು ಬಣ್ಣಗಳು ವಿಷದ ತೀವ್ರತೆಯನ್ನು ಸೂಚಿಸುತ್ತವೆ. ಹಸಿರು ತ್ರಿಕೋನದ ಅರ್ಥವೂ ಮನುಷ್ಯನ ತಲೆಗೆ ಹಚ್ಚಬಹುದು ಎಂದಲ್ಲ. ಔಷಧದಂಗಡಿಯ ಪರ್ಮೆಥ್ರಿನ್ ಶೇ. 1ರ ಪ್ರಮಾಣದಲ್ಲಿ, ಹತ್ತು ನಿಮಿಷದ ಮಟ್ಟಿಗೆ ಹಚ್ಚಲೆಂದು ತಯಾರಾದದ್ದು. ತೋಟದ ಡಬ್ಬಿಯಲ್ಲಿ ವಿಷ ಸಾಂದ್ರವಾಗಿರುತ್ತದೆ. ಅದರ ಜೊತೆಗೆ ಚರ್ಮದೊಳಕ್ಕೆ ಸುಲಭವಾಗಿ ಇಳಿಯುವ ದ್ರಾವಕಗಳೂ ಇರುತ್ತವೆ.

ಕಾಸರಗೋಡಿನಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸುತ್ತಮುತ್ತ, ಗೇರು ತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಏನು ಮಾಡಿತೆಂಬುದನ್ನು ಪಶ್ಚಿಮಘಟ್ಟದ ಜನ ಕಣ್ಣಾರೆ ಕಂಡಿದ್ದಾರೆ. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಅದಕ್ಕೆ ತಡೆಯೊಡ್ಡುವ ವೇಳೆಗೆ ಒಂದು ತಲೆಮಾರು ಬೆಲೆ ತೆತ್ತಾಗಿತ್ತು. ಅಂದು ವಿಷ ಜನರನ್ನು ಕೇಳದೆ ಮೇಲಿನಿಂದ ಬಿದ್ದಿತು. ಇಂದು ಹೆತ್ತವರ ಕೈಯಿಂದಲೇ ಅದು ಮಗುವಿನ ತಲೆಗೆ ಬೀಳುವಂತಾಗಬಾರದು.

ಈ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಬೇಕು. ಮಲೆನಾಡಿನ ಬಚ್ಚಲ ನೀರು ತೋಟದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ನದಿಗೆ ಸೇರುತ್ತದೆ. ಪೈರೆಥ್ರಾಯ್ಡ್‌ಗಳು ಅತ್ಯಲ್ಪ ಪ್ರಮಾಣದಲ್ಲೂ ಮೀನುಗಳಿಗೆ, ನೀರಿನ ಕೀಟಗಳಿಗೆ ಮಾರಕ. ನದಿಗಳ ತಲೆಯಲ್ಲಿ ವಾಸಿಸುವವರಿಗೆ ಈ ಹೊಣೆ ಹೆಚ್ಚೇ ಇದೆ.

‘ನೈಸರ್ಗಿಕ’ವೆಂಬ ಭ್ರಮೆ

ರಾಸಾಯನಿಕ ಬೇಡವೆಂದೊಡನೆ ಹಿತ್ತಲಿನ ಮದ್ದು ನಿರಪಾಯಕರವೆಂದು ಭಾವಿಸುವುದು ಪರಿಸರಾಸಕ್ತರಲ್ಲಿಯೂ ಕಂಡುಬರುವ ದೋಷ. ಸೀತಾಫಲದ ಬೀಜವನ್ನು ಅರೆದು ತಲೆಗೆ ಹಚ್ಚುವ ರೂಢಿ ಬಹಳ ಕಡೆ ಇದೆ. ಅದು ಹೇನನ್ನು ಕೊಲ್ಲುತ್ತದೆ, ನಿಜ. ಅದು ಕಣ್ಣಿಗೆ ಇಳಿದರೆ ಕಾರ್ನಿಯವನ್ನು ತೀವ್ರವಾಗಿ ಗಾಯಗೊಳಿಸುತ್ತದೆಂಬುದೂ ಅಷ್ಟೇ ನಿಜ. ಇಂಥ ಪ್ರಕರಣಗಳನ್ನು ಭಾರತದ ನೇತ್ರವೈದ್ಯರು ಮತ್ತೆ ಮತ್ತೆ ವರದಿ ಮಾಡಿದ್ದಾರೆ.

ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ಕಾಕಮಾರಿ ಬಳ್ಳಿಯ ಕಾಯಿಯನ್ನು ಹಿಂದೆ ಹೊಳೆಯಲ್ಲಿ ಮೀನು ಹಿಡಿಯಲು ನಂಜಾಗಿ ಬಳಸುತ್ತಿದ್ದರು. ಯುರೋಪಿನಲ್ಲಿ ಅದೇ ಕಾಯಿ ಹೇನಿನ ಮದ್ದಾಗಿ ಮಾರಾಟವಾಗುತ್ತಿತ್ತು. ಅದರಲ್ಲಿರುವ ಪಿಕ್ರೊಟಾಕ್ಸಿನ್ ಮೆದುಳಿಗೆ ಏರಿ ಸೆಳವು ತರಿಸುವ ವಿಷ. ಹೊಗೆಸೊಪ್ಪಿನ ಕಷಾಯದ ನಿಕೋಟಿನ್ ಕೂಡ ಚರ್ಮದ ಮೂಲಕ ದೇಹವನ್ನು ಸೇರುತ್ತದೆ. ಸೀಮೆಎಣ್ಣೆಯಂತೂ ನೆತ್ತಿಯನ್ನು ಸುಡುತ್ತದೆ. ಸೌದೆ ಉರಿಯುವ ಬಚ್ಚಲಿನಲ್ಲಿ ಸೀಮೆಎಣ್ಣೆ ಹಚ್ಚಿದ ತಲೆಯ ಮಗುವನ್ನು ಕೂರಿಸುವುದೆಂದರೆ ಬೆಂಕಿಯೊಡನೆ ಸರಸ. ಗಿಡದಿಂದ ಬಂದದ್ದು ಎಂಬ ಮಾತ್ರಕ್ಕೆ ವಿಷ ಅಮೃತವಾಗುವುದಿಲ್ಲ. ಬೇವಿನ ಎಣ್ಣೆಯಿಂದ ಬಾಹ್ಯೋಪಯೋಗದಲ್ಲಿ ಇಷ್ಟು ಹಾನಿಯಿಲ್ಲವಾದರೂ ಅದೊಂದನ್ನೇ ನಂಬಿ ಕೂರುವಷ್ಟು ಬಲವಾದ ಆಧಾರವಿಲ್ಲ. ಅದನ್ನು ಮಗುವಿನ ಬಾಯಿಗೆ ಹಾಕಲೇಬಾರದು.

ಸೀರಣಿಗೆಯ ಲೆಕ್ಕ

ಹಾಗಾದರೆ ಉಳಿಯುವ ದಾರಿ ಯಾವುದು? ಸೀರನ್ನೂ ಎಳೆದು ತೆಗೆಯಬಲ್ಲ ಹಣಿಗೆಗೆ ಕನ್ನಡದಲ್ಲಿ ಸೀರಣಿಗೆಯೆಂಬ ಹೆಸರೇ ಇದೆ. ಒಳ್ಳೆಯ ಸೀರಣಿಗೆಯ ಹಲ್ಲುಗಳ ನಡುವಿನ ಸಂದು ಮೂರನೆಯ ಒಂದು ಮಿಲಿಮೀಟರಿಗಿಂತ ಕಿರಿದಾಗಿರಬೇಕು. ಉಕ್ಕಿನ ಹಲ್ಲಿನದು ಉತ್ತಮ; ಪ್ಲಾಸ್ಟಿಕ್ಕಿನ ಹಲ್ಲುಗಳು ಬಾಗಿ ಹೇನನ್ನು ಬಿಟ್ಟುಬಿಡುತ್ತವೆ.

ಒಣಕೂದಲಿನಲ್ಲಿ ಹೇನು ಚುರುಕಾಗಿ ಸರಿದು ತಪ್ಪಿಸಿಕೊಳ್ಳುತ್ತದೆ. ಕೂದಲು ಒದ್ದೆಯಾಗಿ ಜಾರುವಂತಿದ್ದರೆ ಅದು ಅಲುಗದೆ ನಿಲ್ಲುತ್ತದೆ. ವಿದೇಶಗಳಲ್ಲಿ ಇದಕ್ಕೆ ಕಂಡಿಷನರ್ ಬಳಸುತ್ತಾರೆ. ಮಲೆನಾಡಿನಲ್ಲಿ ಮತ್ತಿ ಸೊಪ್ಪನ್ನೋ ದಾಸವಾಳದ ಎಲೆಯನ್ನೋ ನೀರಿನಲ್ಲಿ ಹಿಸುಕಿ ತೆಗೆಯುವ ಲೋಳೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಲೋಳೆ ಹೇನನ್ನು ಕೊಲ್ಲುತ್ತದೆಂದು ಇದರ ಅರ್ಥವಲ್ಲ. ಅದು ಸಿಕ್ಕು ಬಿಡಿಸಿ ಸೀರಣಿಗೆಗೆ ದಾರಿ ಮಾಡಿಕೊಡುತ್ತದೆ. ತೆಂಗಿನೆಣ್ಣೆಯೂ ಆಗಬಹುದು.

ಕ್ರಮ ಹೀಗಿದೆ. ತಲೆಯನ್ನು ಶೀಗೆಯಿಂದಲೋ ಸಾಬೂನಿನಿಂದಲೋ ತೊಳೆದು, ಲೋಳೆ ಹಚ್ಚಿ, ಮೊದಲು ಸಾಮಾನ್ಯ ಬಾಚಣಿಗೆಯಿಂದ ಸಿಕ್ಕು ಬಿಡಿಸಬೇಕು. ಆಮೇಲೆ ಕೂದಲನ್ನು ಸಣ್ಣ ಸಣ್ಣ ಎಳೆಗಳಾಗಿ ಬಿಡಿಸಿಕೊಂಡು, ಸೀರಣಿಗೆಯನ್ನು ನೆತ್ತಿಗೆ ತಾಗಿಸಿ ಬುಡದಿಂದ ತುದಿಯವರೆಗೆ ಎಳೆಯಬೇಕು. ಪ್ರತಿ ಎಳೆತಕ್ಕೂ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಬೇಕು. ಕಿವಿಯ ಹಿಂದೆ, ಕತ್ತಿನ ಮೇಲ್ಭಾಗದಲ್ಲಿ ವಿಶೇಷ ಗಮನ ಬೇಕು. ಇಡೀ ತಲೆಯನ್ನು ಎರಡು ಬಾರಿ ಹೀಗೆ ಬಾಚಬೇಕು. ಉದ್ದ ಕೂದಲಿಗೆ ಅರ್ಧ ಗಂಟೆ ಹಿಡಿಯಬಹುದು. ಮುಗಿದ ಬಳಿಕ ಸೀರಣಿಗೆಯನ್ನು ಹಂಡೆಯ ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟರೆ ಶುದ್ಧವಾಗುತ್ತದೆ.

ಒಂದು ಸಲ ಬಾಚಿ ಬಿಟ್ಟರೆ ಪ್ರಯೋಜನವಿಲ್ಲ. ಮೊದಲನೆಯ, ಐದನೆಯ, ಒಂಬತ್ತನೆಯ ಮತ್ತು ಹದಿಮೂರನೆಯ ದಿನ ಹೀಗೆ ನಾಲ್ಕು ಬಾರಿ ಬಾಚಬೇಕು. ಈ ಲೆಕ್ಕ ಹೇನಿನ ಜೀವನಚಕ್ರದಿಂದಲೇ ಬಂದದ್ದು. ಮೊದಲ ದಿನ ಬಲಿತ ಹೇನುಗಳು ಹೊರಬರುತ್ತವೆ. ಉಳಿದ ಸೀರುಗಳು ಹತ್ತು ದಿನಗಳೊಳಗೆ ಒಡೆದೇ ತೀರುತ್ತವೆ. ಒಡೆದು ಬಂದ ಮರಿ ಮೊಟ್ಟೆಯಿಡಲು ಕನಿಷ್ಠ ಒಂಬತ್ತು ದಿನ ಬೇಕು. ನಾಲ್ಕು ದಿನಕ್ಕೊಮ್ಮೆ ಬಾಚಿದರೆ ಯಾವ ಮರಿಯೂ ಮೊಟ್ಟೆಯಿಡುವ ಪ್ರಾಯಕ್ಕೆ ತಲುಪುವುದಿಲ್ಲ. ಹದಿನೇಳನೆಯ ದಿನ ಮತ್ತೊಮ್ಮೆ ಬಾಚಿ ನೋಡಿ, ಏನೂ ಸಿಗದಿದ್ದರೆ ಕೆಲಸ ಮುಗಿದಂತೆ.

ಇದರ ಫಲಿತಾಂಶದ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕಾದದ್ದಿದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮೆಲಾಥಿಯಾನ್ ಬಳಸಿದವರಲ್ಲಿ ಶೇ. 78ರಷ್ಟು ಮಕ್ಕಳು ಹೇನಿನಿಂದ ಮುಕ್ತರಾದರೆ, ಬಾಚಿದವರಲ್ಲಿ ಮುಕ್ತರಾದವರು ಶೇ. 38 ಮಾತ್ರ. ಬ್ರಿಟನ್ನಿನಲ್ಲೇ ನಡೆದು 2005ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಚಿತ್ರ ತಿರುಗುಮುರುಗಾಗಿತ್ತು. ಸುಧಾರಿತ ಬಾಚಣಿಗೆಯಿಂದ ಶೇ. 57, ಅಂಗಡಿಯ ಕೀಟನಾಶಕ ಔಷಧಗಳಿಂದ ಶೇ. 13. ಎರಡರಲ್ಲಿಯೂ ಸೀರಣಿಗೆ ಪವಾಡವನ್ನೇನೂ ಮಾಡಲಿಲ್ಲ. ಅದರ ಯಶಸ್ಸು ಸಾಧನದ ಗುಣಮಟ್ಟವನ್ನೂ ನಾಲ್ಕು ಸುತ್ತನ್ನು ತಪ್ಪದೆ ಪೂರೈಸುವ ಶ್ರದ್ಧೆಯನ್ನೂ ಅವಲಂಬಿಸಿದೆ. ಆದರೆ ಕೀಟನಾಶಕದ ಬಲ ಕಾಲದಿಂದ ಕಾಲಕ್ಕೆ, ಊರಿನಿಂದ ಊರಿಗೆ ಬದಲಾಗುತ್ತದೆ. ಉಕ್ಕಿನ ಹಲ್ಲಿಗೆ ಪ್ರತಿರೋಧ ಬೆಳೆಸಿಕೊಂಡ ಹೇನು ಇನ್ನೂ ಹುಟ್ಟಿಲ್ಲ.

ಬಾಚಿಯೂ ಹೋಗದ ಹೇನಿಗೆ, ಕೀವಾದ ನೆತ್ತಿಗೆ ವೈದ್ಯರ ಸಲಹೆ ಪಡೆಯುವುದರಲ್ಲಿ ಸಂಕೋಚ ಬೇಡ. ಹೇನನ್ನು ನರಗಳ ವಿಷದಿಂದಲ್ಲದೆ ಭೌತಿಕವಾಗಿ ಮುತ್ತಿ ಕೊಲ್ಲುವ ಡೈಮೆಥಿಕೋನ್‌ನಂತಹ ಸಿಲಿಕೋನ್ ದ್ರವಗಳೂ ಇವೆ. ಐವರ್‌ಮೆಕ್ಟಿನ್ ಮಾತ್ರೆಯ ನಿರ್ಧಾರ ವೈದ್ಯರದ್ದೇ ಆಗಿರಬೇಕು. 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಅದನ್ನು ಕೊಡುವುದಿಲ್ಲ. ದನಗಳಿಗೆ ತಂದ ಐವರ್‌ಮೆಕ್ಟಿನ್ ಮಕ್ಕಳಿಗೆ ಸಲ್ಲದು.

ಯಾರ ದುಡಿಮೆ?

ಈ ಕ್ರಮಕ್ಕೆ ಒಂದು ಬಲವಾದ ಆಕ್ಷೇಪವಿದೆ. ಬೆಳಿಗ್ಗೆ ಏಳಕ್ಕೆ ತೋಟದ ಕೂಲಿಗೆ ಹೊರಟು ಸಂಜೆ ಮನೆ ಸೇರಿ ಒಲೆ ಹಚ್ಚುವ ತಾಯಿ, ಇಬ್ಬರು ಹೆಣ್ಣುಮಕ್ಕಳ ತಲೆಯನ್ನು ಎರಡು ವಾರದಲ್ಲಿ ನಾಲ್ಕು ಬಾರಿ ಯಾವ ಹೊತ್ತಿನಲ್ಲಿ ಬಾಚಬೇಕು? ವಿಷದ ಬಾಟಲಿಗೆ ಕೈ ಹೋಗುವುದು ಅಜ್ಞಾನವೊಂದರಿಂದಲೇ ಅಲ್ಲ, ಬಿಡುವಿಲ್ಲದ್ದರಿಂದಲೂ ಹೋಗುತ್ತದೆ. ಇದನ್ನು ಕಾಣದೆ ತಾಯಂದಿರಿಗೆ ಉಪದೇಶ ನೀಡುವುದು ನ್ಯಾಯವಲ್ಲ.

ಹೇನು ಹೆಕ್ಕುವುದು ಹೆಂಗಸರ ಕೆಲಸವೆಂಬ ರೂಢಿ ಮೊದಲು ಸಡಿಲಾಗಬೇಕು. ಅಪ್ಪನಿಗೆ, ಅಣ್ಣನಿಗೆ ಬಾಚಲು ಬಾರದೆಂಬ ನೆಪ ಸಾಲದು. ಒಂದು ಮನೆಯ ಮಗುವಿನ ತಲೆ ಶುದ್ಧವಾಗಿ ಪಕ್ಕದ ಮನೆಯದು ಹಾಗೇ ಉಳಿದರೆ ಹದಿನೈದು ದಿನದಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ. ಆದುದರಿಂದ ಇದು ಕೇರಿಯೆಲ್ಲ ಒಂದೇ ದಿನ ಆರಂಭಿಸಬೇಕಾದ ಕೆಲಸ. ಗದ್ದೆಯ ನಾಟಿಗೆ ಮುಯ್ಯಾಳಿನ ಪದ್ಧತಿ ಕಂಡ ಊರುಗಳಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಶಾಲೆಯ ಬಾಗಿಲಲ್ಲಿ

ಹೇನಿಗಿಂತ ದೊಡ್ಡ ಗಾಯವನ್ನು ಮಾಡುವುದು ನಾಚಿಕೆ. ತರಗತಿಯಲ್ಲಿ ಒಬ್ಬಳನ್ನು ಬೇರೆ ಕೂರಿಸುವುದು, ‘ತಲೆ ಸರಿಮಾಡಿಕೊಂಡು ಬಾ’ ಎಂದು ಮನೆಗೆ ಅಟ್ಟುವುದು, ವಸತಿನಿಲಯಗಳಲ್ಲಿ ಹೆಣ್ಣುಮಕ್ಕಳ ತಲೆ ಬೋಳಿಸುವುದು ಇವೆಲ್ಲ ಶಿಸ್ತಿನ ಹೆಸರಿನಲ್ಲಿ ನಡೆಯುವ ಅವಮಾನಗಳು. ಮೈಲಿಗಟ್ಟಲೆ ಕಾಡುದಾರಿ ನಡೆದು ಬರುವ ಹುಡುಗಿ ಹೀಗೆ ಒಮ್ಮೆ ಹಿಂದಕ್ಕೆ ಹೋದರೆ ಮತ್ತೆ ಶಾಲೆಗೆ ಮರಳುವಳೆಂಬ ಭರವಸೆ ಇಲ್ಲ. ಆ ನಾಚಿಕೆಯ ಭಯವೇ ಮನೆಯವರನ್ನು ಅವಸರದ ವಿಷಕ್ಕೆ ತಳ್ಳುತ್ತದೆ.

ಇದಕ್ಕೆ ವೈದ್ಯಕೀಯ ಆಧಾರವೂ ಇಲ್ಲ. ಹೇನು ಅಥವಾ ಸೀರು ಇದೆಯೆಂಬ ಕಾರಣಕ್ಕೆ ಮಗುವನ್ನು ಶಾಲೆಯಿಂದ ಹೊರಗಿಡಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹಲವು ಬಾರಿ ಸ್ಪಷ್ಟಪಡಿಸಿದೆ. ಕಂಡ ದಿನಕ್ಕೆ ವಾರಗಟ್ಟಲೆ ಮೊದಲೇ ಹೇನು ಆ ತಲೆಯಲ್ಲಿರುತ್ತದೆ. ಆ ದಿನ ಮನೆಗೆ ಕಳುಹಿಸಿ ತಡೆಯುವಂಥದೇನೂ ಉಳಿದಿರುವುದಿಲ್ಲ. ಭಾರತದ ಕಾನೂನೂ ಮಗುವಿನ ಪರವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನು ಮಾತ್ರವಲ್ಲದೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ.

ಆಗಬೇಕಾದದ್ದು

ಕೆಲಸಗಳು ದೊಡ್ಡವಲ್ಲ. ಪ್ರತಿ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಜೂನ್ ತಿಂಗಳಲ್ಲೇ ಉಕ್ಕಿನ ಸೀರಣಿಗೆಗಳನ್ನು ತರಿಸಿ ಮನೆಗಳಿಗೆ ತಲುಪಿಸಲಿ. ನಾಲ್ಕು ದಿನಾಂಕಗಳನ್ನು ನಿಗದಿಪಡಿಸಿ ಊರಿಗೆಲ್ಲ ತಿಳಿಸಲಿ. ವಸತಿನಿಲಯಗಳಲ್ಲಿ ಪ್ರತಿ ವಿದ್ಯಾರ್ಥಿನಿಗೂ ತನ್ನದೇ ಸೀರಣಿಗೆ, ಬಿಸಿನೀರು ಮತ್ತು ಬಾಚಲು ಬಿಡುವು ಸಿಗಲಿ. ಹಿರಿಯ ವಿದ್ಯಾರ್ಥಿನಿಯರು ಕಿರಿಯರಿಗೆ ನೆರವಾಗಲಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಈ ವಿಷಯವನ್ನೂ ಕೇಳಲಿ. ಆಶಾ ಕಾರ್ಯಕರ್ತೆಯರು ಮನೆಭೇಟಿಯಲ್ಲಿ ಒಂದು ಮಾತು ಸೇರಿಸಲಿ: ತೋಟದ ಔಷಧ ತಲೆಗೆ ಬೇಡ. ವಿಜ್ಞಾನದ ವಿದ್ಯಾರ್ಥಿಗಳು ಹೇನಿನ ಜೀವನಚಕ್ರದ ಚಿತ್ರಪಟ ಬರೆದು ಶಾಲೆಯ ಗೋಡೆಗೆ ಅಂಟಿಸಿದರೆ, ಪಠ್ಯದ ಪಾಠ ಬದುಕಿಗೂ ಬಂದಂತಾಗುತ್ತದೆ.

ರೈತರು ಮಾಡಬೇಕಾದದ್ದು ಇನ್ನೂ ಒಂದಿದೆ. ಅಟ್ಟದ ಮೇಲಿನ, ಚೀಟಿ ಹರಿದ, ಅರ್ಧ ಉಳಿದ ಬಾಟಲಿಗಳನ್ನು ಮಕ್ಕಳ ಕೈಗೂ ಮನೆಮಂದಿಯ ಅವಸರಕ್ಕೂ ಸಿಗದಂತೆ ಬೀಗದೊಳಗಿಡಬೇಕು. ಅವು ಹಳ್ಳಕ್ಕೆ ಚೆಲ್ಲಿ ಕೈತೊಳೆದುಕೊಳ್ಳುವ ವಸ್ತುಗಳಲ್ಲ. ಬೇಕಾದಷ್ಟನ್ನೇ ಕೊಳ್ಳುವುದು, ಮುಂದಿನ ವರ್ಷ ಅದರಲ್ಲೂ ಕಡಿಮೆ ಮಾಡುವುದು ಸರಿಯಾದ ಮಾರ್ಗ. ಮನೆಯಲ್ಲಿ ವಿಷವೇ ಇರದಿದ್ದರೆ ಅದು ಮಗುವಿನ ತಲೆಯನ್ನು ತಲುಪುವ ಪ್ರಶ್ನೆಯೂ ಏಳುವುದಿಲ್ಲ.